ಸೆಕೆ ಎಂದು ಬರೆದ ಡ್ರಾಯರ್

ಚೀಟಿಯಕ್ಕ ಎಂಬ ಹೆಸರಿಟ್ಟವನು ನಾನೇ. ಇಟ್ಟ ದಿನ ಅವಳು ಮಧ್ಯಾಹ್ನದವರೆಗೆ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ಚೀಟಿ ಬರೆದು ನನ್ನ ಮೇಜಿನ ಮೇಲಿಟ್ಟು ಹೋದಳು: ‘ಅಡ್ಡಹೆಸರು – ನೋಡಿ: ಅಧಿಕಪ್ರಸಂಗ.’ ಅದನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು, ಎದುರಿಗೆ ‘ನೀವು’ ಎನ್ನುತ್ತೇನೆ. ಬರೆಯಲು ಕೂತರೆ ಮಾತ್ರ ‘ಅವಳು’ ಎಂದೇ ಬರುತ್ತದೆ. ಬೈದುಕೊಳ್ಳಲಿ.

ನಮ್ಮದು ಸಣ್ಣ ಸಂಸ್ಥೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಹತ್ತಿದರೆ ಗಡಗಡ ಎನ್ನುವ ಕಬ್ಬಿಣದ ಮೆಟ್ಟಿಲು. ಈ ಸೀಮೆಯ ಕಾಡು, ಕೆರೆ, ಗುಡ್ಡಗಳನ್ನು ಉಳಿಸಲು ಯಾರು ಯಾವಾಗ ಏನು ಮಾಡಿದರು, ಎಲ್ಲಿ ಸೋತರು ಎಂಬುದರ ಕಾಗದಪತ್ರಗಳನ್ನು ಕೂಡಿಡುವುದು ನಮ್ಮ ಕೆಲಸ. ಅರಣ್ಯ ರಕ್ಷಕರ ದಿನಚರಿ, ಕಲ್ಲುಗಣಿ ಬೇಡವೆಂದು ಹೆಂಗಸರು ಹಂಚಿದ ಕರಪತ್ರ, ಮರಗಳ ಎಣಿಕೆ ಪಟ್ಟಿ, ಯಾರೋ ಹಠ ಹಿಡಿದು ನಲವತ್ತು ವರ್ಷ ಬರೆದಿಟ್ಟ ಹಕ್ಕಿಗಳ ಲೆಕ್ಕ. ಬರೆದವರು ತೀರಿಕೊಂಡ ಮೇಲೆ ಮಕ್ಕಳು ಅಟ್ಟದಿಂದ ಟ್ರಂಕು ಇಳಿಸಿ, ಜಾಗ ಖಾಲಿಯಾದರೆ ಸಾಕೆಂದು ನಮಗೆ ಕೊಡುತ್ತಾರೆ. ಸಂಸ್ಥೆ ಕಟ್ಟಿದವರು ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಪುಟಪುಟವನ್ನೂ ಫೋಟೋ ತೆಗೆಯುವವನು ನಾನು. ಪುಟಪುಟವನ್ನೂ ಓದಿ ಚೀಟಿ ಬರೆಯುವವಳು ಅವಳು.

ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಅವಳ ಬೀರು. ಎಪ್ಪತ್ತೆರಡು ಡ್ರಾಯರ್, ಪ್ರತಿಯೊಂದರ ಮೇಲೂ ಅವಳ ಗುಂಡನೆಯ ಅಕ್ಷರದಲ್ಲಿ ಒಂದು ತಲೆಬರಹ. ಒಂದು ಸಂಗತಿಗೆ ಒಂದು ಚೀಟಿ, ಒಂದು ಚೀಟಿಗೆ ಒಂದು ಡ್ರಾಯರ್. ‘ಎರಡು ಕಡೆ ಇಟ್ಟರೆ ಎರಡು ಕಡೆಯೂ ಸಿಗುವುದಿಲ್ಲ’ ಎನ್ನುತ್ತಿದ್ದಳು. ಯಾರಾದರೂ ಬಂದು ಏನಾದರೂ ಕೇಳಿದರೆ ಡ್ರಾಯರ್ ಎಳೆಯುವಳು, ಬೆರಳು ಓಡಿಸುವಳು, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಡ್ರಾಯರಿನಲ್ಲಿಲ್ಲದ ಸಂಗತಿ ಈ ಭೂಮಿಯ ಮೇಲೆ ನಡೆದೇ ಇಲ್ಲ ಎನ್ನುವಂತೆ ಅದನ್ನು ಮತ್ತೆ ತಳ್ಳುವಳು. ಇಪ್ಪತ್ಮೂರು ವರ್ಷದಲ್ಲಿ ಅವಳ ಬಾಯಿಂದ ‘ನನ್ನ ತಪ್ಪು’ ಎಂಬ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಹೊಟ್ಟೆ ಉರಿಯುವ ವಿಷಯವೆಂದರೆ, ನಾನು ಕಂಡ ಮಟ್ಟಿಗೆ ತಪ್ಪೂ ಇರುತ್ತಿರಲಿಲ್ಲ.

ನಮ್ಮಲ್ಲಿಂದ ಏನೂ ಹೊರಗೆ ಹೋಗಕೂಡದು ಎಂಬುದೂ ಅವಳದೇ ಕಾನೂನು. ಹೊರಗೆ ಒಯ್ದದ್ದನ್ನು ಬರೆಯಲು ಒಂದು ಪುಸ್ತಕವೇನೋ ಇತ್ತು, ವಸ್ತು, ಕಾರಣ, ಒಯ್ದ ದಿನ, ತಂದ ದಿನ ಎಂದು ಗೆರೆ ಎಳೆದು. ಮೊದಲ ಪುಟವೇ ಬೆಳ್ಳಗೆ ಉಳಿದಿತ್ತು. ಒಮ್ಮೆ ಮೇಷ್ಟ್ರು ಮೊಮ್ಮಗಳಿಗೆ ತೋರಿಸಲು ಒಂದು ಹಕ್ಕಿಯ ಗರಿ ಒಯ್ಯಲು ಹೋಗಿ ಮೆಟ್ಟಿಲ ಮೇಲೆ ಸಿಕ್ಕಿಬಿದ್ದು, ತಾವೇ ಕಟ್ಟಿದ ಸಂಸ್ಥೆಯಲ್ಲಿ ಕಳ್ಳನಂತೆ ತಲೆತಗ್ಗಿಸಿ ನಿಂತಿದ್ದರು.

ಹಳೆಯ ಬರಹ ಓದುವುದು ಸುಲಭವಲ್ಲ. ಕಾಡಿನಲ್ಲಿ, ಕೆರೆಯಲ್ಲಿ ಒಂಟಿಯಾಗಿ ಬದುಕಿದವರು ತಮಗೆ ತಿಳಿದರೆ ಸಾಕೆಂದು ಬರೆದುಕೊಂಡಿರುತ್ತಾರೆ. ಒಮ್ಮೆ ಅರಣ್ಯ ರಕ್ಷಕನೊಬ್ಬನ ದಿನಚರಿಯಲ್ಲಿ ‘ಗುಡ್ಡ ಕೆಮ್ಮಿತು’ ಎಂದಿತ್ತು. ಅವಳು ಕನ್ನಡಕ ಮೇಲೆ ಸರಿಸಿ ನನ್ನ ಕಡೆ ನೋಡಿದಳು.

“ಚಿರತೆ ಅಕ್ಕ,” ಎಂದೆ. “ಚಿರತೆ ಕೂಗೋದು ಕೆಮ್ಮಿದ ಹಾಗೇ ಇರುತ್ತೆ. ಅಷ್ಟೂ ಗೊತ್ತಿಲ್ವಾ?”

ಅವಳು ಅದನ್ನು ‘ಪ್ರಾಣಿಗಳ ಕೂಗು’ ಡ್ರಾಯರಿಗೆ ಹಾಕಿದಳು. ನಾನು ಜಂಬದಿಂದ ಟೀ ತರಿಸಿದೆ.

ಇನ್ನೊಂದು ಹಾಗೆಯೇ ಸಿಕ್ಕ ಪದ ‘ಬೆವರು.’ ಊರಾಚೆಯ ದೊಡ್ಡ ಕೆರೆಗೆ ಹಿಂದೆ ಒಬ್ಬ ಕಾವಲುಗಾರನಿದ್ದ. ವರ್ಷಕ್ಕೊಂದರಂತೆ ಮೂವತ್ತೊಂದು ಪುಸ್ತಕ ಬರೆದಿಟ್ಟಿದ್ದ, ಜೊತೆಗೆ ಅವನ ಹಿತ್ತಾಳೆಯ ಕೈಗಂಟೆಯೂ ನಮಗೆ ಬಂದಿತ್ತು. ದಿನಕ್ಕೆ ಒಂದು ಸಾಲು: ತಾರೀಖು, ನೀರು ಎಷ್ಟು ಅಡಿ, ಕೊನೆಯಲ್ಲಿ ‘ವಿಶೇಷ’ ಎಂಬ ಕಲಮು. ಅದರಲ್ಲಿ ಒಂದು ದಿನ ‘ಮೋಡ’, ಒಂದು ದಿನ ‘ಗಾಳಿ’, ಒಂದು ದಿನ ‘ಬೆವರು.’ ಮೋಡ, ಗಾಳಿಗಳ ಪಕ್ಕದಲ್ಲಿ ಬೆವರು ಇದ್ದರೆ ಯಾರಾದರೂ ಏನೆಂದುಕೊಳ್ಳಬೇಕು? ಅವಳು ‘ಸೆಕೆ’ ಡ್ರಾಯರಿಗೆ ಹಾಕಿದಳು. ಕೊನೆಯ ಪುಸ್ತಕದಲ್ಲಿ ‘ಬೆವರು ಕೆಂಪು’ ಎಂದು ಬಂದಾಗ ಪಾಪದವನಿಗೆ ಮೈಮೇಲೆ ಬೆವರುಸಾಲೆ ಎದ್ದಿರಬೇಕೆಂದು ‘ಆರೋಗ್ಯ’ಕ್ಕೆ ಹಾಕಿದಳು. ಅದೇ ಸಾಲಿನಲ್ಲಿದ್ದ ತೂಬು, ಮಣ್ಣಿನ ಮಾತುಗಳು ಬೇರೆ ಚೀಟಿಗಳಾಗಿ ‘ಏರಿ – ಕಾಮಗಾರಿ’ಗೆ ಹೋದವು. ಮೇಷ್ಟ್ರಂತೂ ಚಳಿಗಾಲದಲ್ಲೂ ಕಾವಲುಗಾರ ಬೆವರಿದ್ದಾನೆಂದು ಕುಣಿದಾಡಿ, ಅರವತ್ತು ವರ್ಷದ ಹಿಂದೆಯೇ ಭೂಮಿ ಬಿಸಿಯಾಗತೊಡಗಿತ್ತು ಎಂದು ಒಂದು ಲೇಖನವನ್ನೇ ಬರೆದುಬಿಟ್ಟರು. ಅದಕ್ಕೆ ಮೆಚ್ಚುಗೆಯ ಪತ್ರಗಳೂ ಬಂದವು.

ಅವಳಿಗೆ ಒಬ್ಬನೇ ತಮ್ಮ. ತಾಯಿ ಹೋದಾಗ ಅವನಿಗೆ ಆರು ವರ್ಷ, ಇವಳಿಗೆ ಹದಿನೆಂಟು. ಸಾಕಿ, ಓದಿಸಿ, ಕರೆಂಟಿನ ಕೆಲಸ ಕಲಿಸಿ, ಮದುವೆ ಮಾಡಿ, ತಾನು ಹಾಗೆಯೇ ಉಳಿದಳು. ಅವನು ಈಗ ಐದು ಜನರನ್ನು ಇಟ್ಟುಕೊಂಡು ವೈರಿಂಗ್ ಮಾಡಿಸುವ ಗುತ್ತಿಗೆದಾರ, ಆದರೂ ಅಕ್ಕ ಹೇಳಿದರೆ ಮುಗಿಯಿತು. ನಾಲ್ಕು ವರ್ಷದ ಹಿಂದೆ ಕೆರೆ ಏರಿಯ ಕೆಳಗೆ ಹೊಸದಾಗಿ ಇಪ್ಪತ್ತೆರಡು ಮನೆಗಳ ಸಾಲು ಎದ್ದಾಗ ಅವನು ಕೊನೆಯ ಮನೆ ನೋಡಿಕೊಂಡು ನೆಟ್ಟಗೆ ನಮ್ಮ ಆಫೀಸಿಗೆ ಬಂದಿದ್ದ.

“ಅಕ್ಕ, ಹಿಂದೆ ಏರಿ ಇದೆ. ಯಾವತ್ತಾದ್ರೂ ಒಡೆದಿದೆಯಾ, ಸೋರಿದೆಯಾ, ನಿನ್ನ ಬೀರು ಕೇಳಿ ಹೇಳು.”

ಅವಳು ‘ಏರಿ – ಸೋರಿಕೆ’ ಎಂಬ ಡ್ರಾಯರ್ ಎಳೆದಳು. ಅದು ಖಾಲಿ. ತಲೆಬರಹ ಬರೆದು ಹನ್ನೊಂದು ವರ್ಷವಾಗಿತ್ತು, ಒಳಗೆ ಒಂದು ಚೀಟಿ ಬಿದ್ದಿರಲಿಲ್ಲ.

“ಮೂವತ್ತೊಂದು ವರ್ಷದ ಪುಸ್ತಕ ನಾನೇ ಓದಿದ್ದೀನಿ ಕಣೋ. ಒಂದು ಸಲಾನೂ ಸೋರಿಲ್ಲ. ಧೈರ್ಯವಾಗಿ ತಗೋ.”

ಅವನು ತೆಗೆದುಕೊಂಡ. ಅಕ್ಕಪಕ್ಕದವರಿಗೂ ಹೇಳಿದ. ದಾಖಲೆ ಇಟ್ಟಿರುವವರೇ ಹೇಳಿದ್ದಾರೆಂದು ಇನ್ನೂ ಮೂವರು ತೆಗೆದುಕೊಂಡರು.

ಹೋದ ತಿಂಗಳ ಮೊದಲ ವಾರ, ಬೆಳಿಗ್ಗೆ ಹತ್ತೂವರೆಗೆ ಒಬ್ಬ ಮುದುಕಿ ನಮ್ಮ ಮೆಟ್ಟಿಲು ಹತ್ತಿ ಬಂದಳು. ಮೂರು ಮೆಟ್ಟಿಲಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುವುದು ಒಳಗೆ ಕೂತ ನಮಗೆ ಕೇಳುತ್ತಿತ್ತು. ಕೆರೆ ಕಾವಲುಗಾರನ ಮಗಳು.

“ನಮ್ಮಪ್ಪನ ಪುಸ್ತಕ ಇಲ್ಲಿದೆಯಂತೆ. ನನ್ನ ಮಗ ನನ್ನ ಕೇಳದೇನೇ ಕೊಟ್ಟುಬಿಟ್ಟಿದ್ದ. ನನಗೆ ಕಣ್ಣು ಕಾಣಲ್ಲಮ್ಮ. ಒಂದೆರಡು ಪುಟ ಓದಿ ಹೇಳ್ತೀಯಾ?”

ಚೀಟಿಯಕ್ಕ ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಒಂದು ಪುಸ್ತಕ ತೆಗೆದು ಓದತೊಡಗಿದಳು. “ನೀರು ಹದಿಮೂರು ಅಡಿ. ಗಾಳಿ. ನೀರು ಹದಿನಾಲ್ಕು ಅಡಿ. ಬೆವರು.”

“ಎಲ್ಲಿ?” ಎಂದಳು ಮುದುಕಿ.

“ಎಲ್ಲಿ ಅಂದ್ರೆ?”

“ಎಲ್ಲಿ ಬೆವರಿತ್ತು ಅಂತ ಬರೆದಿಲ್ವಾ? ತೂಬಿನ ಹತ್ತಿರಾನೋ, ದೊಡ್ಡ ಮರದ ಹತ್ತಿರಾನೋ?”

ಚೀಟಿಯಕ್ಕನ ಬೆರಳು ಆ ಸಾಲಿನ ಮೇಲೆಯೇ ನಿಂತಿತು. ನಾನು ಕ್ಯಾಮೆರಾದಿಂದ ತಲೆ ಎತ್ತಿದೆ.

“ಬೆವರೋದು ಯಾರಮ್ಮ?” ಎಂದು ನಾನೇ ಕೇಳಿದೆ.

“ಯಾರೇನು, ಏರಿ! ಒಳಗಿನ ನೀರು ಹೊರಗಿನ ಮೈಗೆ ಜಿನುಗೋದಕ್ಕೆ ಅಪ್ಪ ಬೆವರು ಅಂತಿದ್ದ. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಏರಿಯ ಬುಡದಲ್ಲೇ ನಡೀತಿದ್ದ, ಕಾಲಿಗೆ ತಣ್ಣಗಾದ್ರೆ ಗೊತ್ತಾಗ್ತಿತ್ತು. ತಿಳಿ ಬೆವರಾದ್ರೆ ಹೆದರಬೇಡ, ಕೆಂಪಾದ್ರೆ ಮಣ್ಣು ಕೊಚ್ಚಿಕೊಂಡು ಬರ್ತಿದೆ ಅಂತ ಅರ್ಥ, ಓಡು ಅಂತಿದ್ದ.”

ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಚೀಟಿಯಕ್ಕ ಎದ್ದು ಹೋಗಿ ಕೊನೆಯ ಪುಸ್ತಕ ತಂದು ಓದಿದಳು. 

“‘ಬೆವರು ಕೆಂಪು. ತೂಬು ಎತ್ತಿ ನೀರು ಬಿಡಲು ಅಪ್ಪಣೆ ಕೇಳಿದೆ.’ ಮರುದಿನ, ‘ಬೆವರು ಕೆಂಪು. ಅಪ್ಪಣೆ ಬಂದಿಲ್ಲ. ಮೇಲಿಂದ ಮಣ್ಣು ಹಾಕಿ ತುಳಿಸಿದೆವು.’ ಮರುದಿನ, ‘ಬೆವರು ನಿಂತಿತು. ನೀರು ಇಳಿದಿಲ್ಲ. ಇದು ಒಳ್ಳೆಯದಲ್ಲ.’”

“ಆಮೇಲೆ?”

“ಆಮೇಲೆ ಖಾಲಿ.”

“ಖಾಲಿ ಇರದೆ ಇನ್ನೇನು,” ಎಂದಳು ಮುದುಕಿ. “ಹೊರಗೆ ಬರೋ ನೀರಿನ ಬಾಯಿ ಮುಚ್ಚಿದ್ರೆ ಅದು ಒಳಗೇ ಇನ್ನೊಂದು ದಾರಿ ಹುಡುಕುತ್ತೆ. ಆ ಮಧ್ಯಾಹ್ನವೇ ಒಂದು ಕಡೆ ಕುಸೀತು. ಆಗ ಕೆಳಗೆ ಮನೆ ಇರಲಿಲ್ಲ, ಬರೀ ಹೊಲ. ಗಂಟೆ ಬಾರಿಸಿ ಹೊಲದಲ್ಲಿದ್ದವರನ್ನೆಲ್ಲ ಓಡಿಸಿದ. ತಾನು ಅಲ್ಲೇ ಸಿಕ್ಕಿ ನೀರುಪಾಲಾದ. ಕಾಲು ಜಾರಿ ನೀರಿಗೆ ಬಿದ್ದ ಅಂತ ಬರೆದುಕೊಂಡ್ರು. ಏರಿ ಒಡೀತು ಅಂತ ಬರೆದ್ರೆ ಅಪ್ಪಣೆ ಕೊಡದವರ ತಲೆ ಹೋಗ್ತಿತ್ತಲ್ಲ. ಏರಿ ಅಗಲ ಮಾಡೋ ಕೆಲಸ ಅಂತ ಹೇಳಿ ಕಟ್ಟಿಬಿಟ್ರು.”

ಏರಿ ಅಗಲ ಮಾಡಿದ ಆ ಕಾಗದವೂ ನಮ್ಮಲ್ಲಿತ್ತು. ‘ಏರಿ – ಕಾಮಗಾರಿ’ ಎಂಬ ಡ್ರಾಯರಿನಲ್ಲಿ, ಗುಂಡನೆಯ ಅಕ್ಷರದಲ್ಲಿ.

ಮುದುಕಿಯನ್ನು ಕೆಳಗೆ ಬಿಟ್ಟು ಬಂದಾಗ ಚೀಟಿಯಕ್ಕ ‘ಸೆಕೆ’ ಡ್ರಾಯರನ್ನು ಪೂರ್ತಿ ಹೊರಗೆಳೆದು ತೊಡೆಯ ಮೇಲಿಟ್ಟುಕೊಂಡಿದ್ದಳು. ಎಣಿಸಿದಳು. ನಲವತ್ತೊಂದು ಬೆವರು.

“ಅವನ ಮನೆ ತೂಬಿನ ಪಕ್ಕಾನೇ ಇದೆ,” ಎಂದಳು.

ಅರ್ಧ ಗಂಟೆಯಲ್ಲಿ ನಾವಿಬ್ಬರೂ ಅಲ್ಲಿದ್ದೆವು. ತಮ್ಮ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಸಂಭ್ರಮದಿಂದ ಹಿತ್ತಲಿಗೆ ಕರೆದುಕೊಂಡು ಹೋದಳು. ಹಿತ್ತಲ ಗೋಡೆಯಿಂದ ನಾಲ್ಕು ಹೆಜ್ಜೆಗೆ ಏರಿಯ ಹುಲ್ಲುಮೈ ಆಕಾಶಕ್ಕೆ ಅಡ್ಡ ಎದ್ದಿತ್ತು. ನಡುವಿನ ಜಾಗದಲ್ಲಿ ಗುಲಾಬಿ ಗಿಡಗಳು, ಒಂದೊಂದು ಹೂವೂ ಬಟ್ಟಲಗಲ.

“ನೋಡಿ ಅತ್ತಿಗೆ, ಇಡೀ ಬೇಸಿಗೆ ಒಂದು ಚೊಂಬು ನೀರು ಹಾಕಿಲ್ಲ! ನನ್ನ ಕೈಗುಣ.”

ಚೀಟಿಯಕ್ಕ ಚಪ್ಪಲಿ ಬಿಟ್ಟು ಗುಲಾಬಿಗಳ ನಡುವೆ ಕಾಲಿಟ್ಟಳು.  ನಾನು ಬಗ್ಗಿ ಅಂಗೈ ಊರಿದೆ. ತಣ್ಣಗಿತ್ತು. ಬೊಗಸೆಯಷ್ಟು ನೀರು ನಿಂತಿತು, ತಿಳಿಯಾಗಿ. 

ಅಂದು ಸಂಜೆ ತಮ್ಮ ಬಂದಾಗ ಅವಳು ಹೇಳಿದ್ದು, “ಹೊಸ ದಾಖಲೆ ಸಿಕ್ಕಿದೆ ಕಣೋ. ಸ್ವಲ್ಪ ದಿನ ನನ್ನ ಮನೇಲಿರಿ.”

“ಯಾವ ದಾಖಲೆ? ಮೂವತ್ತೊಂದು ವರ್ಷ ಸೋರಿಲ್ಲ ಅಂತ ನೀನೇ ಹೇಳಿದ್ದೆ.”

“ಹೇಳಿದ್ದೆ. ಇದು ಬೇರೆ.”

“ನೀನು ಹೇಳಿದ್ದು ಯಾವತ್ತಾದ್ರೂ ಸುಳ್ಳಾಗಿದೆಯಾ? ನನಗೆ ನಿನ್ನ ಮಾತೇ ಸಾಕು. ಹೊಸದು ಯಾವನು ಬರೆದನೋ, ಅವನ್ನ ಕಟ್ಕೊಂಡು ನನಗೇನು?” ಎಂದು ನಕ್ಕ. ಆರು ವರ್ಷದ ಮಗಳು “ಅತ್ತೆ, ಇಲ್ಲೇ ಇರು” ಎಂದು ಅವಳ ಸೆರಗು ಹಿಡಿದು ಜೋತಾಡಿದಳು.

ದಾರಿಯಲ್ಲಿ ನನಗೆ ರೇಗಿತು. “ತಪ್ಪಾಯ್ತು ಅಂತ ಒಂದು ಮಾತು ಹೇಳೋಕೆ ಏನು ದಾಡಿ ನಿಮಗೆ? ಹೊಸ ದಾಖಲೆಯಂತೆ, ಹೊಸ ದಾಖಲೆ! ಅದು ನಿಮ್ಮ ಬೀರುವಿನಲ್ಲಿ ಹದಿನೈದು ವರ್ಷದಿಂದ ಇದೆ.”

ಅವಳು ಬಸ್ಸಿನ ಕಿಟಕಿಯಾಚೆ ನೋಡುತ್ತಾ ಕೂತಳು. ಆ ಬೀರು ಬಿಟ್ಟರೆ ಅವಳಿಗೆ ಬೇರೆ ಆಸ್ತಿ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೋಪ ಇಳಿಯಲಿಲ್ಲ.

ಕೆರೆ ನೋಡಿಕೊಳ್ಳುವ ಕಚೇರಿಗೆ ಮೇಷ್ಟ್ರೂ ನಮ್ಮೊಡನೆ ಬಂದರು, ತಮ್ಮ ಲೇಖನದ ನೆನಪಾಗಿ ಮುಖ ಸಪ್ಪೆ ಮಾಡಿಕೊಂಡು. ಎಂಜಿನಿಯರ್ ಒಳ್ಳೆಯ ಮನುಷ್ಯನೇ, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ.

“ಡೈರಿ ಸರಿ ಸಾರ್, ಆದ್ರೆ ಡೈರಿ ಮೇಲೆ ನಾನು ಏನು ಬರೀಲಿ? ‘ಬೆವರು’ ಅಂತ ಫೈಲ್ ಓಪನ್ ಮಾಡಿದ್ರೆ ಮೇಲಿನವರು ನನ್ನ ಡಾಕ್ಟ್ರ ಹತ್ತಿರ ಕಳಿಸ್ತಾರೆ.”

“ತೂಬು ಎತ್ತಿ ನಾಲ್ಕು ಅಡಿ ನೀರು ಬಿಡಿ, ಸಾಕು,” ಎಂದಳು ಚೀಟಿಯಕ್ಕ.

“ತೂಬು ಎಲ್ಲಿದೆ ಮೇಡಂ? ದೋಣಿ ವಿಹಾರಕ್ಕೆ ಕೆರೆ ವರ್ಷವಿಡೀ ತುಂಬಿರಬೇಕು ಅಂತ ಎರಡು ವರ್ಷದ ಹಿಂದೇನೇ ವೆಲ್ಡಿಂಗ್ ಮಾಡಿ ಮುಚ್ಚಿದ್ದಾರೆ. ಕತ್ತರಿಸೋಕೆ ಅಪ್ಪಣೆ ಬೇಕು. ಕೇಳ್ತೀನಿ.”

ಅಪ್ಪಣೆ ಎಂಬ ಮಾತು ಬಿದ್ದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಲ್ಲಿಂದ ಮುಂದೆ ಅವಳು ಬೆಳಿಗ್ಗೆ ಆಫೀಸಿಗೆ ಬರುವ ಮುಂಚೆ ತಮ್ಮನ ಹಿತ್ತಲಿಗೆ ಹೋಗತೊಡಗಿದಳು. ಚಪ್ಪಲಿ ಬಿಟ್ಟು ನಡೆಯುವಳು, ಒಂದು ಸಣ್ಣ ಪುಸ್ತಕದಲ್ಲಿ ಒಂದು ಸಾಲು ಬರೆಯುವಳು. ‘ಬೆವರು ತಿಳಿ.’ ‘ಬೆವರು ತಿಳಿ, ಅಗಲ ಒಂದು ಚಾಪೆ.’ ‘ಬೆವರು ತಿಳಿ, ಅಗಲ ಎರಡು ಚಾಪೆ.’ ಅಕ್ಕನಿಗೆ ವಯಸ್ಸಾಯಿತು ಎಂದು ತಮ್ಮ ಹೆಂಡತಿಗೆ ಹೇಳಿದನಂತೆ. ಹನ್ನೆರಡನೆಯ ದಿನ ಅವಳು ಮೆಟ್ಟಿಲು ಹತ್ತಿ ಬಂದು ಕೂರಲಿಲ್ಲ. ಅಂಗಾಲು ಎತ್ತಿ ತೋರಿಸಿದಳು. ಬೆರಳ ಸಂದಿಯಲ್ಲೆಲ್ಲ ಕೆಂಪು.

ನಾವು ಮತ್ತೆ ಕಚೇರಿಗೆ ಓಡಿದೆವು. ಈ ಸಲ ಕೆಲಸ ಬೇಗ ಆಯಿತು, ಆಗಬಾರದ ಕೆಲಸ. ಮರುದಿನವೇ ಲಾರಿ ಬಂದು, ಗುಲಾಬಿ ಗಿಡ ಕಿತ್ತು, ಏರಿಯ ಬುಡಕ್ಕೆ ಉದ್ದಕ್ಕೂ ಕಾಂಕ್ರೀಟ್ ಹೊದಿಸಿದರು. ನುಣ್ಣಗೆ, ಚೊಕ್ಕವಾಗಿ. ಚೀಟಿಯಕ್ಕ ಲಾರಿಗೆ ಅಡ್ಡ ನಿಂತು ಬೇಡ ಬೇಡವೆಂದು ಕೂಗಿದಳು. ಕೆಲಸದವರು ಅವಳ ರಟ್ಟೆ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಬೀದಿಯವರು ಚಪ್ಪಾಳೆ ತಟ್ಟಿದರು, ಅಂತೂ ನಮ್ಮ ಕಡೆಗೂ ಒಂದು ಕೆಲಸ ಆಯಿತಲ್ಲ ಎಂದು.

ಅದಾಗಿ ಐದನೆಯ ದಿನ ಹನ್ನೊಂದು ಗಂಟೆಗೆ ತಮ್ಮನ ಫೋನು ಬಂತು. ಅವಳು ನನಗೂ ಕೇಳುವಂತೆ ಇಟ್ಟಳು.

“ಅಕ್ಕ, ನಿಂತೇ ಹೋಯ್ತು! ಒಂದು ಹನಿ ಇಲ್ಲ, ಹಿತ್ತಲು ಒಣಗಿ ಗರಿಗರಿ ಅಂತಿದೆ. ಇವತ್ತು ಎಲ್ಲರೂ ಮನೇಲೇ ಇದ್ದೀವಿ, ನೀನೂ ಊಟಕ್ಕೆ ಬಾ.”

“ಕೆರೇಲಿ ನೀರು ಇಳಿದಿದೆಯಾ?”

“ಎಲ್ಲಿ ಇಳಿಯುತ್ತೆ? ದೋಣಿ ಓಡ್ತಿದೆ, ತುಂಬಿ ತುಳುಕ್ತಿದೆ.”

ಅವಳು ಫೋನು ಇಟ್ಟು ಹಿಂದಿನ ಕೋಣೆಗೆ ಹೋದಳು. ಬರುವಾಗ ಕೈಯಲ್ಲಿ ಕಾವಲುಗಾರನ ಗಂಟೆ ಇತ್ತು, ನಂಬರಿನ ಚೀಟಿ ಇನ್ನೂ ನೇತಾಡುತ್ತಿತ್ತು. ಆ ಆತುರದಲ್ಲೂ ನನ್ನ ಮೇಜಿನ ಬಳಿ ನಿಂತು ಬೆಳ್ಳಗಿದ್ದ ಪುಸ್ತಕ ತೆಗೆದಳು. ವಸ್ತು: ಕೈಗಂಟೆ. ಕಾರಣ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ತಡೆಯಿತು. ನಂತರ ಬರೆದಳು: ‘ನನ್ನ ತಪ್ಪು.’

ಆ ಬೀದಿಯಲ್ಲಿ ಅವಳು ಗಂಟೆ ಬಾರಿಸಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಐವತ್ತೆಂಟು ವರ್ಷದ ಹೆಂಗಸು, ಇಸ್ತ್ರಿ ಮಾಡಿದ ಸೀರೆ, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಬಾಗಿಲು ಬಾಗಿಲಿಗೂ ನಿಂತು ಬಾರಿಸುತ್ತಾ “ಮೇಲಿನ ರಸ್ತೆಗೆ ಹೋಗಿ” ಎನ್ನುತ್ತಿದ್ದಳು. ಜನ ಕೈಯಲ್ಲಿ ಸೌಟು ಹಿಡಿದು, ಮುಖಕ್ಕೆ ಸೋಪು ಹಚ್ಚಿಕೊಂಡೇ ಹೊರಬಂದರು. ಕೆಲವರು ನಕ್ಕರು, ಒಬ್ಬ ಮೊಬೈಲಿನಲ್ಲಿ ತೆಗೆಯತೊಡಗಿದ. ತಮ್ಮ ಓಡಿ ಬಂದು ಅವಳ ಕೈ ಹಿಡಿದುಕೊಂಡ.

“ಅಕ್ಕ, ದಮ್ಮಯ್ಯ, ಮಾನ ಕಳೀಬೇಡ. ಒಳಗೆ ಬಾ.”

“ನಾನು ನಿನಗೆ ತಪ್ಪು ಹೇಳಿದ್ದೆ.”

“ಏನು?”

“ಹೊಸ ದಾಖಲೆ ಯಾವುದೂ ಇಲ್ಲ. ಎಲ್ಲಾ ಅವತ್ತೇ ನನ್ನ ಹತ್ತಿರ ಇತ್ತು. ನಲವತ್ತೊಂದು ಸಲ ಸೋರಿದೆ, ಒಂದು ಸಲ ಒಡೆದಿದೆ. ನಾನು ಓದಿ, ಅರ್ಥವಾಗದೆ, ತಪ್ಪು ಡ್ರಾಯರಿಗೆ ಹಾಕಿದೆ. ತಪ್ಪು ನಂದು. ನನ್ನ ಮಾತು ನಂಬಿ ನೀನು ಮಗೂನ ಇಲ್ಲಿ ಮಲಗಿಸಿದೆ.” ಇಡೀ ಬೀದಿಗೆ ಕೇಳುವಂತೆ ಇನ್ನೊಮ್ಮೆ ಕೂಗಿದಳು, “ನನ್ನ ತಪ್ಪು!”

 ಹೊಸ ದಾಖಲೆ ಎಂದಾಗ ಹೆದರದವನು, ಹಿತ್ತಲ ನೀರು ಕೆಂಪಾದಾಗಲೂ ಹೆದರದವನು ಈ ಮಾತಿಗೆ ಹೆದರಿದ. ನಲವತ್ತು ವರ್ಷದಲ್ಲಿ ಅಕ್ಕನ ಬಾಯಿಂದ ಅವನು ಕೇಳದ ಮಾತು ಅದು. ಒಳಗೆ ನುಗ್ಗಿ ಮಗಳನ್ನು ಎತ್ತಿಕೊಂಡು, ಹೆಂಡತಿಯ ಕೈ ಹಿಡಿದೆಳೆದುಕೊಂಡು ಬಂದ. ಒಲೆಯ ಮೇಲಿನ ಅನ್ನ ಹಾಗೇ ಇತ್ತು. ಅವನು ಓಡಿದ್ದು ಕಂಡು ಅಕ್ಕಪಕ್ಕದ ಮೂವರೂ ಓಡಿದರು, ಅವರನ್ನು ಕಂಡು ಉಳಿದವರು. ಭಯ ಕಣ್ಣಿಂದ ಕಣ್ಣಿಗೆ ಹತ್ತಿತು.

ಮೇಲಿನ ರಸ್ತೆಯಲ್ಲಿ ನಾವು ಒಂದೂಮುಕ್ಕಾಲು ಗಂಟೆ ನಿಂತೆವು. ಏನೂ ಆಗಲಿಲ್ಲ. ಜನ ಗೊಣಗತೊಡಗಿದರು, ಮಕ್ಕಳಿಗೆ ಹಸಿವು. ಮೂರನೆಯ ಮನೆಯ ಹೆಂಗಸು, ಗ್ಯಾಸ್ ಆರಿಸಿ ಬರುತ್ತೇನೆಂದು ಇಳಿದು ಹೋದವಳು, ಬಾಗಿಲಲ್ಲೇ ನಿಂತು ನಮ್ಮತ್ತ ತಿರುಗಿ ಕೂಗಿದಳು.

“ಅಡುಗೆಮನೆ ನೆಲದಿಂದ ನೀರು ಬರ್ತಿದೆ! ಕೆಂಪಗಿದೆ!”

ಚೀಟಿಯಕ್ಕ ಗಂಟೆ ಎತ್ತಿಕೊಂಡು ಕೆಳಕ್ಕೆ ಓಡಿದಳು. ತಮ್ಮ ಅವಳ ಹಿಂದೆ, ನಾನು ಅವನ ಹಿಂದೆ. ಆ ಹೆಂಗಸನ್ನು ನಾವಿಬ್ಬರೂ ರಟ್ಟೆ ಹಿಡಿದು ಎಳೆದೆವು. ಚೀಟಿಯಕ್ಕ ಯಾರಾದರೂ ಉಳಿದಿದ್ದಾರೆಯೇ ಎಂದು ಸಾಲಿನ ಕೊನೆಯವರೆಗೆ ಬಾರಿಸುತ್ತಾ ಹೋಗಿ, ಬಾರಿಸುತ್ತಾ ಹಿಂದಿರುಗಿದಳು. ರಸ್ತೆಯ ಏರು ಹತ್ತುವಾಗ ಎಡವಿದಳು, ಗಂಟೆ ಕೈತಪ್ಪಿ ಉರುಳಿತು. ಅದಕ್ಕಾಗಿ ತಿರುಗಿದವಳನ್ನು ತಮ್ಮ ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡೇ ಬಂದ. ಆಮೇಲಿನದು ಒಂದು ನಿಮಿಷದ ಕೆಲಸ. ಚೊಕ್ಕವಾದ ಕಾಂಕ್ರೀಟು ನಡುವೆ ಬಿರಿಯಿತು, ಏರಿ ಒಳಕ್ಕೆ ಕುಗ್ಗಿತು, ಅದರಾಚೆ ಇದ್ದದ್ದೆಲ್ಲ ಈಚೆ ಬಂತು. ಅವನ ಮನೆ ಮೊದಲು ಹೋಯಿತು. ಒಬ್ಬರೂ ಸಾಯಲಿಲ್ಲ.

ನಾಲ್ಕು ದಿನದ ಮೇಲೆ ಕಚೇರಿಯಿಂದ ನಮ್ಮ ಸಂಗ್ರಹಕ್ಕೆಂದು ಪ್ರಕಟಣೆಯ ಪ್ರತಿ ಬಂತು. ‘ಏರಿಯ ಪುನರ್‌ನಿರ್ಮಾಣ ಕಾಮಗಾರಿಯ ಸಲುವಾಗಿ ನಿವಾಸಿಗಳನ್ನು ತಾತ್ಕಾಲಿಕವಾಗಿ ಸ್ಥಳಾಂತರಿಸಲಾಗಿದೆ.’ ಮೇಷ್ಟ್ರು ಓದಿ ಹರಿಯಲು ಹೋದರು. ಚೀಟಿಯಕ್ಕ ಕಸಿದುಕೊಂಡು ‘ಸುಳ್ಳು’ ಎಂಬ ಹೊಸ ತಲೆಬರಹ ಬರೆದಳು. ‘ಏರಿ – ಸೋರಿಕೆ’ ಡ್ರಾಯರಿನಲ್ಲಿ ಈಗ ಐವತ್ತಕ್ಕೂ ಹೆಚ್ಚು ಚೀಟಿಗಳಿವೆ. ಗಂಟೆ ಸಿಗಲಿಲ್ಲ, ಪುಸ್ತಕದಲ್ಲಿ ‘ತಂದ ದಿನ’ ಹಾಗೆಯೇ ಬೆಳ್ಳಗಿದೆ. ತಮ್ಮ ಅವಳೊಡನೆ ಮಾತಾಡುತ್ತಾನೆ, ಆದರೆ ಮುಂಚಿನಂತೆ ಹೇಳಿದ್ದನ್ನೆಲ್ಲ ನಂಬುವುದಿಲ್ಲ. ಅವಳ ಮನೆಗೆ ಬಾ ಎಂದರೂ ಬರಲಿಲ್ಲ. ನೆರೆಯವರ ಜೊತೆಗೇ ಇರುತ್ತೇನೆಂದು, ಇಪ್ಪತ್ತೆರಡು ಸಂಸಾರಗಳನ್ನು ಇರಿಸಿರುವ ಹಳೆಯ ಗೋದಾಮಿನಲ್ಲಿ ಉಳಿದಿದ್ದಾನೆ.

ಅವಳು ಮೊದಲ ಡ್ರಾಯರಿನ ಮೊದಲ ಚೀಟಿಯಿಂದ ಎಲ್ಲವನ್ನೂ ಮತ್ತೆ ಓದತೊಡಗಿದ್ದಾಳೆ. ಒಂದೊಂದನ್ನೂ ಎತ್ತಿ, ಮೂಲ ಪುಸ್ತಕ ತೆಗೆದು, ಇದು ಯಾರು, ಎಲ್ಲಿ, ಯಾಕೆ ಬರೆದರು ಎಂದು ಕೇಳಿಕೊಳ್ಳುತ್ತಾ. ನಾನು ಹಾಸ್ಯ ಮಾಡುವುದನ್ನು ಬಿಟ್ಟಿದ್ದೇನೆ. ನಿನ್ನೆಗೆ ‘ಪ್ರಾಣಿಗಳ ಕೂಗು’ ಡ್ರಾಯರಿನವರೆಗೆ ಬಂದಿದ್ದಳು.

ಇವತ್ತು ಬೆಳಿಗ್ಗೆ ಅವಳು ಒಂಬತ್ತು ಚೀಟಿಗಳನ್ನು ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂಬತ್ತರಲ್ಲೂ ಅದೇ ಎರಡು ಪದ. ಗುಡ್ಡ ಕೆಮ್ಮಿತು.

“ನಿಮ್ಮ ಚಿರತೆ,” ಎಂದಳು. “ಎಂಟು ಸಲ ಹಗಲು ಹೊತ್ತಲ್ಲೇ ಕೆಮ್ಮಿದೆ. ಮೊದಲು ವರ್ಷಕ್ಕೊಂದು ಸಲ, ಆಮೇಲೆ ತಿಂಗಳಿಗೊಂದು, ಕೊನೇಲಿ ವಾರಕ್ಕೆ ಎರಡು. ಆಮೇಲೆ ಅವನಿಗೆ ಬೇರೆ ಕಡೆ ವರ್ಗ ಆಗಿದೆ.”

“ಅವನ ಮಕ್ಕಳು ಯಾರಾದ್ರೂ...”

“ಇಲ್ಲ. ಮದುವೆಯೇ ಆಗಿರಲಿಲ್ಲ. ಕೇಳೋಕೆ ಯಾರೂ ಇಲ್ಲ.”

“ಯಾವ ಗುಡ್ಡ ಅದು?”

ಅವಳು ದಿನಚರಿಯ ಮೊದಲ ಪುಟ ತಿರುಗಿಸಿ ತೋರಿಸಿದಳು. ಕಲ್ಲುಗಣಿಯ ಗುಡ್ಡ. ಅರ್ಧ ಕಡಿದು ಬಿಟ್ಟದ್ದು, ಒಳಗೆ ಬಂಡೆ ಬಿರಿದರೂ ಕೆಮ್ಮಿದಂತೆಯೇ ಕೇಳೀತು. ಅದರ ಬುಡದಲ್ಲಿರುವ ಕಟ್ಟಡ ಒಂದೇ, ಹಳೆಯ ಗೋದಾಮು.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. “ತಮ್ಮನಿಗೆ ಆಗಲೇ ಫೋನ್ ಮಾಡಿದೆ. ಏನೂ ಹೇಳಲಿಲ್ಲ, ಸುಮ್ಮನೆ ಅಲ್ಲಿ ಏನಾದ್ರೂ ಸದ್ದು ಕೇಳುತ್ತಾ ಅಂದೆ. ಮಗಳು ಮೊನ್ನೆಯಿಂದ ಗೋಡೆ ಹಿಂದೆ ಯಾರೋ ತಾತ ಕೆಮ್ತಾನೆ ಅಂತಿದ್ದಾಳಂತೆ. ಅವನು ನಕ್ಕ. ಇನ್ನು ನಾನು ಏನು ಹೇಳಿದ್ರೂ ನಗ್ತಾನೆ.”

 ಚಿರತೆ ಎಂದವನು ನಾನು. ಜಂಬದಿಂದ ಟೀ ತರಿಸಿದವನು ನಾನು. ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಅವಳು ಅಭ್ಯಾಸಬಲದಿಂದ ಹಿಂದಿನ ಕೋಣೆಯ ಕಡೆ ನೋಡಿದಳು. ಅಲ್ಲಿ ಒಯ್ಯಲು ಗಂಟೆ ಇರಲಿಲ್ಲ.

“ನಡೀರಿ ಅಕ್ಕ,” ಎಂದೆ. “ಈ ಸಲ ತಪ್ಪು ನಂದು. ನಾನೇ ಕೂಗಿ ಹೇಳ್ತೀನಿ.”